ಹದಿನಾಲ್ಕನೇ ಇಂಜಿನ್ನಿನ ಬಿಳಿ ಗೆರೆ

ಮಾರ್ಚ್ 3, ಮಂಗಳವಾರ

ಹದಿಮೂರನೇ ಇಂಜಿನ್ನು ಮುಗಿಯಿತು. ಹನ್ನೆರಡು ಬೋಲ್ಟಿನಲ್ಲಿ ನಾಲ್ಕು ಸಡಿಲ — ಎರಡು, ಐದು, ಆರು, ಹನ್ನೊಂದು. ಅಣ್ಣ ಕೈ ತೊಳೆಯಲು ಹೋದ ಹೊತ್ತಿನಲ್ಲಿ ಬಿಗಿ ಮಾಡಿ ಬಿಳಿ ಗೆರೆ ಎಳೆದೆ. ಯಾರೂ ನೋಡಲಿಲ್ಲ. ಯಾರು ನೋಡುತ್ತಾರೆ? ಅಣ್ಣನ ಕೆಲಸ ಪರೀಕ್ಷೆ ಮಾಡುವಷ್ಟು ಧೈರ್ಯ ಈ ವರ್ಕ್‌ಶಾಪಿನಲ್ಲಿ ತಂಗಿಗೆ ಬಿಟ್ಟರೆ ಬೇರೆಯವರಿಗಿಲ್ಲ.

ಯಜಮಾನರು ಗೋಡೆಯ ಮೇಲೆ ಆಳೆತ್ತರದ ಅಕ್ಷರದಲ್ಲಿ ನಿಯಮ ಬರೆಸಿದ್ದಾರೆ. ಬಿಗಿ ಮಾಡಿದವರು ಬೋಲ್ಟಿನ ಮೇಲೆ ಹಳದಿ ಗೆರೆ ಎಳೆಯಬೇಕು. ಬೇರೊಬ್ಬರು ವ್ರೆಂಚ್ ಇಟ್ಟು ನೋಡಿ ಬಿಳಿ ಗೆರೆ ಎಳೆಯಬೇಕು. ಎಷ್ಟು ಬಿಗಿ ಬೇಕೋ ಅಷ್ಟಕ್ಕೆ ವ್ರೆಂಚಿನಲ್ಲಿ ಅಳತೆ ಇಟ್ಟಿರುತ್ತಾರೆ. ಬೋಲ್ಟ್ ಅಲುಗದೆ ಟಕ್ ಅಂದರೆ ಸರಿ. ಟಕ್ ಅನ್ನುವ ಮೊದಲೇ ತಿರುಗಿದರೆ ಸಡಿಲ. ಎರಡನೇ ಕ್ಲಾಸಿನ ಮಗುವಿಗೂ ಅರ್ಥವಾಗುವ ಮಾತು. ಗೋಡೆಯ ಮೇಲೆ ಬರೆಯದ ವಿನಾಯಿತಿ ಒಂದಿದೆ — ಅಣ್ಣನಿಗೆ ವ್ರೆಂಚ್ ಬೇಡ. ಅವನದು ಕೈಯಳತೆ. ಬರೀ ಸ್ಪ್ಯಾನರಿನಲ್ಲಿ ಬಿಗಿ ಮಾಡುತ್ತಾನೆ, ಕೈಗೆ ಸಾಕು ಅನಿಸಿದಲ್ಲಿ ನಿಲ್ಲಿಸುತ್ತಾನೆ. ಇಪ್ಪತ್ತೆರಡು ವರ್ಷದಿಂದ ಅವನ ಹಿಂದೆಯೇ ವ್ರೆಂಚ್ ಹಿಡಿದು ನಿಂತು ನೋಡಿದ್ದೇನೆ. ಕೂದಲೆಳೆಯಷ್ಟೂ ತಪ್ಪಿದ್ದಿಲ್ಲ. ಆ ಕೈಯ ಫೋಟೋನೇ ನಮ್ಮ ಜಾಹೀರಾತು ಪುಸ್ತಕದ ಮೊದಲ ಪುಟ. 'ಲೋಕಕ್ಕೆಲ್ಲ ಇಪ್ಪತ್ತೇ ಕಾರು, ಇಪ್ಪತ್ತಕ್ಕೂ ಒಂದೇ ಕೈ.' ಪ್ರತಿ ಇಂಜಿನ್ನಿನ ಮೇಲೂ ಅವನ ಹೆಸರು ಕೊರೆದ ಸಣ್ಣ ತಗಡು.

ಆಗಸ್ಟಿನಿಂದ ಆ ಕೈ ತಪ್ಪುತ್ತಿದೆ. ಏಳನೆಯದರಲ್ಲಿ ಒಂದು ಬೋಲ್ಟ್. ಎಲ್ಲೋ ಮೈಮರೆತ ಅಂದುಕೊಂಡೆ. ಎಂಟರಲ್ಲಿ ಎರಡು. ಆಮೇಲೆ ಅಂದುಕೊಳ್ಳುವುದು ಬಿಟ್ಟೆ. ಬಿಗಿ ಮಾಡುತ್ತೇನೆ, ಗೆರೆ ಎಳೆಯುತ್ತೇನೆ, ಮನೆಗೆ ಬಂದು ಇದರಲ್ಲಿ ನಂಬರು ಬರೆದಿಡುತ್ತೇನೆ. ಇಷ್ಟೇ.

ಮಗಳು ಹೊಟ್ಟೆನೋವು ಅಂತ ಶಾಲೆ ತಪ್ಪಿಸಿದಳು. ನಾಳೆ ಪರೀಕ್ಷೆ. ಹೊಟ್ಟೆಗೆ ಪರೀಕ್ಷೆಯ ತಾರೀಖು ಚೆನ್ನಾಗಿ ಗೊತ್ತು!


ಮಾರ್ಚ್ 5, ಗುರುವಾರ

ಹದಿನಾಲ್ಕನೇ ಕಾರಿನ ಗಿರಾಕಿ ಬಂದಿದ್ದರು. ಹಲ್ಲು ಡಾಕ್ಟ್ರು. ವಾರಕ್ಕೊಂದು ಸಲ ಬಿಸ್ಕತ್ತಿನ ಡಬ್ಬಿ ಹಿಡಿದು ಬರುತ್ತಾರೆ. ಬಾಗಿಲು, ಸೀಟು, ಇಂಜಿನ್ನು ಎಲ್ಲ ಕಿತ್ತ ಅಸ್ಥಿಪಂಜರದ ಮುಂದೆ ಕೈಕಟ್ಟಿಕೊಂಡು ನಿಲ್ಲುತ್ತಾರೆ, ಹೆರಿಗೆ ವಾರ್ಡಿನ ಹೊರಗೆ ನಿಂತ ಗಂಡಸರ ಹಾಗೆ. ಬಣ್ಣ ಕೊನೆಗೂ ಆರಿಸಿದರು — ಗಿಳಿಹಸಿರು. ಪೇಂಟರ್ ನನ್ನ ಮುಖ ನೋಡಿದ. ನಾನು ಚಾವಣಿ ನೋಡಿದೆ. ಹದಿನಾಲ್ಕಕ್ಕೆ ಇನ್ನು 'ಗಿಳಿ' ಅಂತಲೇ ಹೆಸರು.

ಮಾತಾಡುವಾಗ ಎದುರಿನವರ ಕಣ್ಣು ನೋಡಲ್ಲ, ಹಲ್ಲು ನೋಡುತ್ತಾರೆ. ಅಣ್ಣನಿಗೆ ಮಾತ್ರ ಕೈ ನೋಡಿ ನಮಸ್ಕಾರ. "ಗುರುಗಳೇ, ನಿಮ್ಮ ಕೈಲೇ ಆಗ್ಬೇಕು. ಅವಸರ ಇಲ್ಲ ನನಗೆ." ಅವಸರ ಇರುವುದು ಯಜಮಾನರಿಗೆ. ಹದಿನಾಲ್ಕು ಏಪ್ರಿಲಿಗೆ ಹೊರಗೆ ಹೋಗಲೇಬೇಕು ಅಂತ ಕಟ್ಟಪ್ಪಣೆ.

ಟೀ ಬಂತು. ಸ್ಟೀಲ್ ಲೋಟ, ಕುದಿಕುದಿ. ನಾನು ಸೆರಗಿನಲ್ಲಿ ಹಿಡಿದೆ, ಡಾಕ್ಟ್ರು ಕರ್ಚೀಫಿನಲ್ಲಿ. ಅಣ್ಣ ಬರಿಗೈಯಲ್ಲಿ ಹಿಡಿದು ಮಾತಾಡುತ್ತಲೇ ಇದ್ದ. ಒಂದು ನಿಮಿಷ... ಎರಡು. ಕೆಳಗಿಟ್ಟಾಗ ಬೆರಳ ತುದಿ ಕೆಂಪಗೆ ಉಬ್ಬಿತ್ತು. ಅವನು ನೋಡಿಕೊಳ್ಳಲೂ ಇಲ್ಲ.

ಸಕ್ಕರೆ ಕಾಯಿಲೆ ಬಂದು ಹತ್ತು ವರ್ಷ. ಕಾಲು ಜೋಮು ಹಿಡಿಯುತ್ತೆ ಅಂತ ಅತ್ತಿಗೆ ಹೇಳಿದ್ದರು. ಕೈ ಅಂತ ಯಾರೂ ಹೇಳಿರಲಿಲ್ಲ.

ನನಗೆ ಗೊತ್ತಿತ್ತು. ಗೊತ್ತಿಲ್ಲ ಅಂತ ಇಲ್ಲಾದರೂ ಯಾಕೆ ಬರೆಯಬೇಕು.


ಮಾರ್ಚ್ 9, ಸೋಮವಾರ, ಬೆಳಗ್ಗೆ

ಪರೀಕ್ಷೆಯ ಹೊಟ್ಟೆನೋವು ಅಲ್ಲ. ರಾತ್ರಿಯೆಲ್ಲ ವಾಂತಿ. ಬಲಗಡೆ ಮುಟ್ಟಿದರೆ ಕಿರುಚುತ್ತಾಳೆ. ನಮ್ಮನೆಯವರು ಆಟೋ ತರಲು ಹೋಗಿದ್ದಾರೆ. ಮೂರನೇ ತಾರೀಖೇ ಕರೆದುಕೊಂಡು ಹೋಗಬೇಕಿತ್ತು, ನಾನು ಹಾಸ್ಯ ಮಾಡುತ್ತಾ ಕೂತೆ. ಆಟೋ ಬಂತು


ಮಾರ್ಚ್ 17, ಮಂಗಳವಾರ

ಇವತ್ತಿನಿಂದ ಕೆಲಸಕ್ಕೆ. ಅಪೆಂಡಿಕ್ಸ್ ಒಡೆಯುವುದಕ್ಕೆ ಸ್ವಲ್ಪ ಮುಂಚೆ ತೆಗೆದರಂತೆ. ಇನ್ನು ಅರ್ಧ ದಿನ ತಡವಾಗಿದ್ದರೆ ಅಂತ ಆಸ್ಪತ್ರೆಯ ಡಾಕ್ಟರ್ ಶುರು ಮಾಡಿದರು, ಬೇಡ ಅಂದೆ. ಈಗ ಹಾಸಿಗೆಯಲ್ಲಿ ಕೂತು ಅಪ್ಪನಿಂದ ಸೇವೆ ಮಾಡಿಸಿಕೊಳ್ಳುತ್ತಿದ್ದಾಳೆ, ಮಹಾರಾಣಿ.

ವರ್ಕ್‌ಶಾಪಿಗೆ ಹೋಗಿ ನೋಡಿದರೆ ಹದಿನಾಲ್ಕು ಮುಚ್ಚಿಬಿಟ್ಟಿದ್ದಾರೆ. ಇಂಜಿನ್ನು ಕಾರಿನೊಳಗೆ ಕೂತಿದೆ, ತಗಡು ಹೊಳೆಯುತ್ತಿದೆ.  ಓಡಿಹೋಗಿ ರಿಜಿಸ್ಟರ್ ತೆಗೆದೆ. ಮಾರ್ಚ್ 13. ಹಳದಿ — ಅಣ್ಣ. ಬಿಳಿ — ಯಜಮಾನರ ಸಹಿ.

ಯಜಮಾನರೇ ವ್ರೆಂಚ್ ಹಿಡಿದಿದ್ದಾರೆ ಅಂದಮೇಲೆ ಸರಿ. ಸಡಿಲ ಇದ್ದಿದ್ದರೆ ಅವರಿಗೆ ಗೊತ್ತಾಗುತ್ತಿತ್ತು, ಇಷ್ಟು ಹೊತ್ತಿಗೆ ಮನೆತನಕ ಸುದ್ದಿ ಬರುತ್ತಿತ್ತು. ಬಂದಿಲ್ಲ. ಅಂದರೆ ಆ ದಿನ ಅಣ್ಣನ ಕೈ ಸರಿಯಿತ್ತು. ದೇವರು ದೊಡ್ಡವನು.

ಕೇಳಬಹುದಿತ್ತು — ಸರ್, ವ್ರೆಂಚ್ ಇಟ್ಟಿರಾ? ಯಾಕೆ ಕೇಳ್ತಿದೀಯ ಅಂತ ಅವರು ತಿರುಗಿ ಕೇಳಿದರೆ? ಕೇಳಲಿಲ್ಲ.


ಏಪ್ರಿಲ್ 2, ಗುರುವಾರ

ಹದಿನೈದು. ಹನ್ನೆರಡರಲ್ಲಿ ಏಳು.

ಏಳು! ಒಂದೊಂದಾಗಿ ಬಿಗಿ ಮಾಡಿದೆ. ಅಣ್ಣ ಅಲ್ಲೇ ಬೆನ್ನು ಮಾಡಿ ನಿಂತು ಶಿಳ್ಳೆ ಹಾಕುತ್ತಿದ್ದ. ಖುಷಿಯಾಗಿದ್ದ. "ಪುಟ್ಟಿ, ಎಷ್ಟು ಹೊತ್ತು ಅದು? ನಾನು ಮಾಡಿದ್ದನ್ನ ನೋಡೋಕೆ ನಾನು ಮಾಡಿದ್ದಕ್ಕಿಂತ ಜಾಸ್ತಿ ಟೈಮ್ ತಗೋತೀಯ." ನಲವತ್ತೊಂದು ನನಗೆ. ಇನ್ನೂ ಪುಟ್ಟಿ.

ನನ್ನ ಹತ್ತೊಂಬತ್ತಕ್ಕೆ ಅಪ್ಪ ಹೋದಾಗ ಇದೇ ಅಣ್ಣ ಕರೆತಂದು ದೀಪ ಹಿಡಿಯಲು ನಿಲ್ಲಿಸಿದ್ದ. ಹುಡುಗಿಗೆ ಏನು ಬರುತ್ತೆ ಅಂದವರ ಮುಂದೆ ನನ್ನ ಕೈ ಮೇಲೆ ತನ್ನ ಕೈ ಇಟ್ಟು ಮೊದಲ ಬೋಲ್ಟ್ ಬಿಗಿ ಮಾಡಿಸಿದ. "ಇಲ್ಲಿ ನಿಲ್ಲು. ಗೊತ್ತಾಯ್ತಾ? ಇಲ್ಲಿ." ಆವತ್ತು ಗೊತ್ತಾಗಲಿಲ್ಲ. ಅವನ ಕೈಗೆ ಗೊತ್ತಿದ್ದದ್ದು ನನ್ನ ಕೈಗೆ ಯಾವತ್ತೂ ಬರಲಿಲ್ಲ. ಅದಕ್ಕೇ ನಾನು ವ್ರೆಂಚಿನವಳಾದೆ.

ಸಂಜೆ ಅವನ ಮನೆಗೆ ಹೋದೆ, ಹೇಳಿಬಿಡೋಣ ಅಂತಲೇ. ಅತ್ತಿಗೆ ಅವನ ಷರ್ಟಿನ ಗುಂಡಿ ಹಾಕುತ್ತಿದ್ದರು. ನನ್ನ ನೋಡಿ ಇಬ್ಬರೂ ಬೇರೆ ಕಡೆ ತಿರುಗಿದರು. ಮಗಳ ಹೊಲಿಗೆ ಬಿಚ್ಚಿದ್ದು, ಹಾಲಿನ ಪ್ಯಾಕೆಟ್ಟು, ಮೇಲಿನ ಮನೆಯವರ ನಲ್ಲಿ ಸೋರುವುದು... ಎಲ್ಲ ಮಾತಾಡಿ ವಾಪಸ್ ಬಂದೆ. ಬಿಸಿತುಪ್ಪ. ನುಂಗುವಂತಿಲ್ಲ, ಉಗುಳುವಂತಿಲ್ಲ.


ಏಪ್ರಿಲ್ 10, ಶುಕ್ರವಾರ

ಇವತ್ತು ಗಿಳಿ ಹಾರಿತು.

ಸರಿಯಾಗಿ ಬರೆಯಬೇಕು. 

ಹಲ್ಲು ಡಾಕ್ಟ್ರು ಮಗಳ ಜೊತೆ ಬಂದರು. ಹದಿನಾರರ ಹುಡುಗಿ, ಹಲ್ಲಿಗೆ ತಂತಿ. ಮುಚ್ಚಿದ್ದ ಬಟ್ಟೆ ಎಳೆದರು. ಗಿಳಿಹಸಿರು ನಾನು ಅಂದುಕೊಂಡಷ್ಟು ಕೆಟ್ಟದಾಗಿರಲಿಲ್ಲ, ನಿಜ ಹೇಳಬೇಕೆಂದರೆ ಚೆನ್ನಾಗಿತ್ತು. ನೆಲಕ್ಕೆ ಅಂಟಿಕೊಂಡ ಹಾಗೆ ತಗ್ಗು. ಅಣ್ಣ ಸ್ಟಾರ್ಟ್ ಮಾಡಿದ. ಆ ಸದ್ದಿಗೆ ಡಾಕ್ಟ್ರು ಅತ್ತೇಬಿಟ್ಟರು. ಮಗಳಿಗೆ ನಾಚಿಕೆ, "ಅಪ್ಪಾ, ಪ್ಲೀಸ್" ಅಂತ.

ಯಜಮಾನರಿಗೆ ಹುರುಪು. ಹುಡುಗಿಗೆ ಬಗ್ಗಿ ಇಂಜಿನ್ನು ತೋರಿಸುತ್ತಾ, "ಇದರಲ್ಲಿ ಬಿಳಿ ಗೆರೆ ನಾನೇ ಎಳೆದಿದ್ದು ಗೊತ್ತಾ? ಈ ಅಮ್ಮ ರಜದಲ್ಲಿದ್ಲು" ಅಂದರು.

ಹುಡುಗಿ ಜಾಣೆ. "ನೀವು ಹೇಗೆ ಚೆಕ್ ಮಾಡಿದ್ರಿ?"

"ಚೆಕ್ಕಾ? ಇವರು ಬಿಗಿ ಮಾಡಿದ ಬೋಲ್ಟಿಗೆ ವ್ರೆಂಚ್ ಇಡೋಕೆ ನನಗೇನು ತಲೆ ಕೆಟ್ಟಿದ್ಯಾ? ಹಳದಿ ಕಂಡ ಕಡೆ ಬಿಳಿ ಎಳೆದೆ, ಅಷ್ಟೇ."

ಎಲ್ಲರೂ ನಕ್ಕರು. ಅಣ್ಣನೂ ನಕ್ಕ. ನಾನೂ ನಕ್ಕೆ ಅಂತ ಕಾಣುತ್ತೆ. 

ಮೊದಲ ಸಾವಿರದ ಐನೂರು ಕಿಲೋಮೀಟರ್ ನಿಧಾನ ಓಡಿಸಬೇಕು, ಅಲ್ಲಿಯವರೆಗೆ ಇಂಜಿನ್ನಿಗೆ ಹೊರೆ ಕೊಡಬಾರದು ಅಂತ ಅಣ್ಣ ಹೇಳಿಕೊಟ್ಟ. ಡಾಕ್ಟ್ರು ತಲೆಯಾಡಿಸಿದರು. "ಮೇ ಮೂರು, ಭಾನುವಾರ, ರೇಸ್ ಟ್ರ್ಯಾಕ್ ಬುಕ್ ಮಾಡಿದ್ದೀನಿ ಗುರುಗಳೇ. ಅವತ್ತು ಪೂರ್ತಿ ಒತ್ತೋದು. ಮಗಳನ್ನೂ ಪಕ್ಕದಲ್ಲಿ ಕೂರಿಸ್ಕೋತೀನಿ."

ಆಮೇಲೆ ಹೊರಟೇ ಹೋಯಿತು, ರಸ್ತೆಯ ತಿರುವಿನವರೆಗೂ ಹಸಿರು ಕಾಣುತ್ತಿತ್ತು.


ಏಪ್ರಿಲ್ 11, ಶನಿವಾರ, ಬೆಳಗ್ಗೆ 5:40

ನಿದ್ದೆ ಇಲ್ಲ. ಲೆಕ್ಕ ಹಾಕುತ್ತಿದ್ದೇನೆ.

ಹದಿಮೂರರಲ್ಲಿ ನಾಲ್ಕು ಸಡಿಲ. ಹದಿನೈದರಲ್ಲಿ ಏಳು. ನಡುವಿನ ಹದಿನಾಲ್ಕರಲ್ಲಿ ಸೊನ್ನೆ ಇರುತ್ತದೆಯೇ? ಈ ಡೈರಿಯ ಪುಟ ತಿರುಗಿಸಿದೆ. ಮಾರ್ಚ್ 9, ಆಮೇಲೆ 17. ಮಧ್ಯೆ ಖಾಲಿ. ಆ ಖಾಲಿಯಲ್ಲೇ ಕಟ್ಟಿದ ಇಂಜಿನ್ನು ಅದು.

ಅವು ಪಿಸ್ಟನ್ನಿಗೆ ಜೋಡಿಸಿದ ಕನೆಕ್ಟಿಂಗ್ ರಾಡಿನ ಬೋಲ್ಟುಗಳು. ಇಂಜಿನ್ನಿನ ಹೊಟ್ಟೆಯೊಳಗೆ ನಿಮಿಷಕ್ಕೆ ಎಂಟು ಸಾವಿರ ಸಲ ಎಳೆಸಿಕೊಳ್ಳುವಂಥವು. ನಿಧಾನ ಓಡಿಸಿದರೆ ತಿಂಗಳುಗಟ್ಟಲೆ ಸುಮ್ಮನಿರುತ್ತವೆ. ಪೂರ್ತಿ ಒತ್ತಿದ ದಿನ ಒಂದು ಕಳಚಿದರೆ ರಾಡು ಇಂಜಿನ್ನನ್ನೇ ಸೀಳಿಕೊಂಡು ಹೊರಬರುತ್ತದೆ. ಎಣ್ಣೆ ಹಿಂದಿನ ಚಕ್ರಕ್ಕೆ. ಇಂಜಿನ್ನು ಜಾಮ್ ಆಗಿ ಚಕ್ರ ಕಚ್ಚಿಕೊಳ್ಳುತ್ತದೆ. ಇನ್ನೂರೈವತ್ತರ ವೇಗದಲ್ಲಿ.

ಪಕ್ಕದ ಸೀಟಿನಲ್ಲಿ ತಂತಿ ಹಲ್ಲಿನ ಹುಡುಗಿ.

ಹೇಳಬೇಕು. ಹೇಳಿದರೆ ಅಣ್ಣ ಮುಗಿದ. ಅವನಿಗೆ ಆ ಕೈ ಬಿಟ್ಟರೆ ಏನಿದೆ? ಓದಿಲ್ಲ, ಮಕ್ಕಳಿಲ್ಲ. ಹೇಳದಿದ್ದರೆ...

ಇಪ್ಪತ್ತೆರಡು ದಿನ ಇದೆ.


ಏಪ್ರಿಲ್ 13, ಸೋಮವಾರ

ಹೇಳಲಿಲ್ಲ.


ಏಪ್ರಿಲ್ 14, ಮಂಗಳವಾರ

ಇವತ್ತೂ ಇಲ್ಲ. ಅಣ್ಣ ಮಗಳಿಗೆ ಅಂತ ಚಾಕಲೇಟು ಕೊಟ್ಟ. ಅವನು ಒಳ್ಳೆಯವನಾಗಿಲ್ಲದಿದ್ದರೆ ಎಷ್ಟು ಸುಲಭವಾಗುತ್ತಿತ್ತು.


ಏಪ್ರಿಲ್ 22, ಬುಧವಾರ

ಗಿಳಿ ಮೊದಲ ಆಯಿಲ್ ಬದಲಾವಣೆಗೆ ಬಂದಿತ್ತು. ಕಾರಿನ ಮುಖ ನೋಡಿದ ಕೂಡಲೇ ನನ್ನ ಕಳ್ಳಬುದ್ಧಿ ಎದ್ದಿತು. ಆಯಿಲ್ ಸೋರುತ್ತಿದೆ ಅಂತ ಸುಳ್ಳು ಹೇಳಿ ಎರಡು ದಿನ ಇಟ್ಟುಕೊಂಡರೆ? ಇಂಜಿನ್ ಇಳಿಸಿ, ಅಡಿಯ ಆಯಿಲ್ ಪ್ಯಾನ್ ಬಿಚ್ಚಿ, ಬೋಲ್ಟ್ ಬಿಗಿ ಮಾಡಿ, ಮತ್ತೆ ಮುಚ್ಚಿ... ಎಂಟು ತಿಂಗಳು ಮಾಡಿದ್ದೂ ಇದೇ ಅಲ್ಲವೇ, ಒಂದು ಸಲ ಜಾಸ್ತಿ.

"ಸರ್, ಅಡಿಯಲ್ಲಿ ಸ್ವಲ್ಪ ಒದ್ದೆ ಇದೆ. ಇಳಿಸಿ ನೋಡ್ಲಾ?"

ಯಜಮಾನರು ಟಾರ್ಚ್ ಹಿಡಿದು ಮಲಗಿ ನೋಡಿದರು. "ಎಲ್ಲಮ್ಮ ಒದ್ದೆ? ಎಲೆ ಹಾಕಿ ಊಟ ಬಡಿಸ್ಬಹುದು ಇಲ್ಲಿ, ಅಷ್ಟು ಕ್ಲೀನಾಗಿದೆ." ಅಣ್ಣನೂ ಬಗ್ಗಿ ನೋಡಿ, "ಇವಳಿಗೆ ಕನ್ನಡಕ ಮಾಡಿಸ್ಬೇಕು" ಅಂದ.

ಅರ್ಧ ಗಂಟೆಯಲ್ಲಿ ಕಾರು ಹೋಯಿತು. ಓಡಿದ್ದು ಒಂಬೈನೂರು ಕಿಲೋಮೀಟರ್. ಕದ್ದು ಮುಚ್ಚುವ ದಾರಿ ಇನ್ನಿಲ್ಲ.


ಏಪ್ರಿಲ್ 27, ಸೋಮವಾರ

ಅಣ್ಣನಿಗೆ ಹೇಳಿದೆ.

ಮಧ್ಯಾಹ್ನ ಊಟದ ಬಿಡುವಿನಲ್ಲಿ, ಇಂಜಿನ್ ರೂಮಿನಲ್ಲಿ, ಬಾಗಿಲು ಹಾಕಿಕೊಂಡು. ಹೇಗೆ ಶುರು ಮಾಡಲಿ ಅಂತ ವಾರವಿಡೀ ಯೋಚಿಸಿದ್ದೆಲ್ಲ ಗಾಳಿಗೆ ಹೋಯಿತು. "ಅಣ್ಣಾ, ನಿನ್ನ ಬೋಲ್ಟು ಸಡಿಲ ಬರ್ತಿದೆ" ಅಂದುಬಿಟ್ಟೆ.

ನಕ್ಕ. ಆಮೇಲೆ ನಗಲಿಲ್ಲ.

"ಎಷ್ಟು?"

"ಹದಿನೈದರಲ್ಲಿ ಏಳು."

"ಯಾವತ್ತಿನಿಂದ?"

"ಆಗಸ್ಟ್."

ಎದ್ದು ಹೋಗಿ ಕಿಟಕಿಯ ಹತ್ತಿರ ನಿಂತ.  ಸ್ಪ್ಯಾನರ್ ಎಸೆಯುತ್ತಾನೇನೋ ಅಂತ ಹೆದರಿದ್ದೆ. ಎಸೆದಿದ್ದರೆ ವಾಸಿ ಇತ್ತು.

"ನನಗೆ ಗೊತ್ತಾಗ್ತಿರಲಿಲ್ಲ ಅಂದ್ಕೊಂಡ್ಯಾ?" ಅಂದ. "ಬೆಳಗ್ಗೆ ಎದ್ರೆ ಬೆರಳು ನನ್ನದಲ್ಲ ಅನ್ಸತ್ತೆ. ಆದ್ರೂ ನೀನು ದಿನಾ ಬಿಳಿ ಗೆರೆ ಎಳೀತಿದ್ದೆ. ಪುಟ್ಟಿ ವ್ರೆಂಚ್ ಇಟ್ಟು ನೋಡಿದಾಳೆ, ಸರಿ ಇದೆ ಅಂದಿದಾಳೆ. ಹಾಗಿದ್ರೆ ಕೈ ಇನ್ನೂ ಇದೆ. ಅಂತ ಇದ್ದೆ ನಾನು. ನಿನ್ನ ಗೆರೆ ನಂಬ್ಕೊಂಡು."

 ಇದನ್ನು ಯೋಚಿಸಿರಲೇ ಇಲ್ಲ. ಅವನನ್ನು ಕಾಪಾಡುತ್ತಿದ್ದೇನೆ ಅಂತ ಇದ್ದೆ. ಅವನು ನನ್ನ ಗೆರೆ ನೋಡಿ ತನ್ನ ಕೈ ಅಳೆಯುತ್ತಿದ್ದ.

ಆಮೇಲೆ ಹದಿನಾಲ್ಕರ ವಿಷಯ ನೆನಪಿಸಿದೆ. ನಾನು ರಜ, ಯಜಮಾನರು ನೋಡದೆ ಎಳೆದದ್ದು, ಭಾನುವಾರ ಟ್ರ್ಯಾಕು, ಹುಡುಗಿ.

ಮುಖ ಬೂದಿಯಾಯಿತು. "ಮೊದಲನೇ ದಿನವೇ ಹೇಳಿದ್ರೆ ನಾನೇನು ಸತ್ತು ಹೋಗ್ತಿದ್ನಾ? ಬೈತಿದ್ದೆ, ಅಳ್ತಿದ್ದೆ, ಮನೇಲಿ ಕೂರ್ತಿದ್ದೆ. ಅಷ್ಟೇ ತಾನೇ? ಈಗ ನೋಡು. ನನ್ನ ಮಾನ ಉಳಿಸೋಕೆ ಹೋಗಿ ಯಾರ ತಲೆ ಮೇಲೆ ತಂದಿಟ್ಟೆ."

ಚಪ್ಪಲಿ ಮೆಟ್ಟಿಕೊಂಡು ಹೊರಟುಹೋದ. ಊಟದ ಡಬ್ಬಿ ಅಲ್ಲೇ ಬಿಟ್ಟು.


ಏಪ್ರಿಲ್ 28, ಮಂಗಳವಾರ

ಅಣ್ಣ ಬಂದಿಲ್ಲ. ಯಜಮಾನರಿಗೆ ನಾನೇ ಹೇಳಿದೆ.

ಮೊದಲು ಹಾಸ್ಯ ಅಂದುಕೊಂಡರು. ಆಮೇಲೆ ಎದ್ದು ಬಾಗಿಲು ಹಾಕಿದರು. ಆಮೇಲೆ ಕೂತು ಮೇಜಿನ ಮೇಲಿದ್ದ ಜಾಹೀರಾತು ಪುಸ್ತಕವನ್ನು ಬೋರಲು ಹಾಕಿದರು, ಕೈ ಕಾಣದ ಹಾಗೆ.

"ಅವರೇ ಒಪ್ಪಿದ್ರಾ?"

"ನನ್ನ ಹತ್ರ ಒಪ್ಪಿದಾನೆ."

"ನೋಡಮ್ಮ, ಆ ಇಂಜಿನ್ನಿನ ಮೇಲೆ ಬಿಳಿ ಗೆರೆ ನಂದು. ಹೊರಗೆ ಗೊತ್ತಾದ್ರೆ ಈ ಗೇಟಿಗೆ ಬೀಗ. ಮೂವತ್ತು ಜನ ಇದೀರ." ಹಣೆ ಒರೆಸಿಕೊಂಡರು. "ಭಾನುವಾರ ಕಳೀಲಿ. ಸೋಮವಾರ ಸರ್ವಿಸ್ ಅಂತ ಕರೆಸೋಣ, ಇಳಿಸಿ ನೋಡೋಣ. ಏನೂ ಇರಲ್ಲ ಬಿಡು."

"ಅದು ಮುರಿಯೋದಿದ್ರೆ ಭಾನುವಾರವೇ ಸರ್ ಮುರಿಯೋದು."

"ಇರಬಹುದು ಅಂತ ಹೇಳ್ತಿದೀಯ. ಇದೆ ಅಂತ ಹೇಳು ನೋಡೋಣ."

 ನನ್ನ ಹತ್ತಿರ ಇರುವುದು ಏಳರಿಂದ ಹದಿನೈದರವರೆಗೆ ಬರೆದಿಟ್ಟ ನಂಬರುಗಳು, ನಡುವೆ ಒಂದು ಖಾಲಿ ಜಾಗ. ಅದೂ ಈ ಡೈರಿಯಲ್ಲಿ. ತೋರಿಸುತ್ತೇನೆ ಅಂದೆ. ಬೇಡ, ನಾನು ನೋಡಿದ ಹಾಗೆ ಆಗುತ್ತೆ ಅಂದರು. ಕೆಟ್ಟ ಮನುಷ್ಯರಲ್ಲ. ಹೆದರಿದ್ದಾರೆ. ನನಗಿಂತ ಹೆಚ್ಚೇನಲ್ಲ.


ಏಪ್ರಿಲ್ 30, ಗುರುವಾರ

ಹಲ್ಲು ಡಾಕ್ಟ್ರಿಗೆ ನಾನೇ ಫೋನ್ ಮಾಡಿದೆ. ಯಜಮಾನರಿಗೆ ಹೇಳಿಯೇ ಮಾಡಿದೆ. ಅವರು ಬೇಡ ಅನ್ನಲಿಲ್ಲ, ಬೇಕು ಅಂತಲೂ ಅನ್ನಲಿಲ್ಲ, ಶೌಚಾಲಯಕ್ಕೆ ಹೋದರು.

ಡಾಕ್ಟ್ರು ಪೂರ್ತಿ ಕೇಳಿಸಿಕೊಂಡರು. ಆಮೇಲೆ, "ಅಮ್ಮಾ, ನಿಮಗೂ ಗುರುಗಳಿಗೂ ಏನಾದ್ರೂ ಮನಸ್ತಾಪ ಆಗಿದ್ಯಾ?"

"ನಾನು ಅವನ ತಂಗಿ."

"ಅದಕ್ಕೇ ಕೇಳಿದ್ದು."

 ಸಾವಿರದ ನಾನೂರು ಕಿಲೋಮೀಟರ್ ಓಡಿದೆ, ಗಡಿಯಾರದ ಹಾಗಿದೆ ಅಂದರು. "ಗುರುಗಳೇ ಬಂದು ಹೇಳ್ಲಿ, ನಿಲ್ಲಿಸ್ತೀನಿ. ಬೇರೆ ಯಾರ ಮಾತಿಗೂ ಅವರ ಕೈ ಮೇಲೆ ಅನುಮಾನ ಪಡಲ್ಲ ನಾನು."

ಅಣ್ಣ ಫೋನ್ ಎತ್ತುತ್ತಿಲ್ಲ. ಮನೆಗೆ ಹೋದೆ. ಅತ್ತಿಗೆ ಬಾಗಿಲಲ್ಲೇ ಅಡ್ಡ ನಿಂತರು. "ಮೂರು ದಿನದಿಂದ ಗೋಡೆ ನೋಡ್ಕೊಂಡು ಮಲಗಿದಾರೆ. ಊಟ ತಟ್ಟೇಲೇ ಇರತ್ತೆ. ಇನ್ನೇನು ಹೇಳೋಕೆ ಬಂದೆ?"

ಒಳಗಿನ ಕೋಣೆಗೆ ಕೇಳಿಸುವ ಹಾಗೆ ಕೂಗಿ ಹೇಳಿದೆ, ಡಾಕ್ಟ್ರು ಅಂದದ್ದನ್ನೆಲ್ಲ.  ಅಕ್ಕಪಕ್ಕದ ಮನೆಯವರ ಕಿಟಕಿ ಮಾತ್ರ ತೆರೆದವು.

ಅತ್ತಿಗೆಗೆ ನನ್ನ ಮೇಲೆ ಸಿಟ್ಟು. ಬರಲಿ. ನ್ಯಾಯವಾದದ್ದೇ.


ಮೇ 1, ಶುಕ್ರವಾರ

ರಜೆ. ಅತ್ತಿಗೆ ಬೆಳಗ್ಗೆ ಎಂಟಕ್ಕೆ ಫೋನ್ ಮಾಡಿದರು. ದನಿಯಲ್ಲಿ ಸಿಟ್ಟಿಲ್ಲ. "ನಿಮ್ಮಣ್ಣ ಅಲ್ಲಿದಾರಾ? ಏಳು ಗಂಟೆಗೆ ಎದ್ದು ಹೋದ್ರು, ಎಲ್ಲಿ ಅಂತ ಹೇಳಿಲ್ಲ. ಗುಂಡಿ ಕೂಡ ಹಾಕಿಸ್ಕೊಂಡಿಲ್ಲ."

ನಮ್ಮನೆಯವರು ಸ್ಕೂಟರ್ ತೆಗೆದರು. ಬಸ್ ಸ್ಟ್ಯಾಂಡು, ಪಾರ್ಕು, ವರ್ಕ್‌ಶಾಪಿನ ಗೇಟು. ಎಲ್ಲೂ ಇಲ್ಲ. ಏನೇನೋ ಯೋಚನೆ ಬಂತು, ಇಲ್ಲಿ ಬರೆಯಲ್ಲ.

ಮಧ್ಯಾಹ್ನ ಒಂದೂವರೆಗೆ ಹಲ್ಲು ಡಾಕ್ಟ್ರ ಫೋನು. ಅವರು ಹೇಳಿದ ಹಾಗೇ ಬರೆಯುತ್ತೇನೆ.

"ಗುರುಗಳು ನನ್ನ ಕ್ಲಿನಿಕ್ಕಿಗೆ ಬಂದಿದ್ರು. ಸೀದಾ ಒಳಗೆ ಬರಬಹುದಿತ್ತು, ಟೋಕನ್ ತಗೊಂಡು ಕೂತಿದಾರೆ. ಹನ್ನೊಂದನೇ ನಂಬರು. ಷರ್ಟಿನ ಗುಂಡಿ ತೆಗೆದಿದೆ, ಎರಡು ಗಂಟೆ ಹಾಗೇ ಕೂತಿದಾರೆ. ಕುರ್ಚಿ ಮೇಲೆ ಕೂರಿಸಿ ಬಾಯಿ ತೆಗೀರಿ ಅಂದೆ. ಬಾಯಿ ತೆಗೀಲಿಲ್ಲ. ಲೈಟಿನ ಕೆಳಗೆ ಕೈ ಚಾಚಿದ್ರು. ಕಣ್ಣು ಮುಚ್ಚಿದ್ರು. ಹಲ್ಲು ಕೆದಕೋ ಆ ಸೂಜಿ ತಗೊಂಡು ಚುಚ್ಚಿ ಡಾಕ್ಟ್ರೇ, ಚುಚ್ಚಿದಾಗ ಹೇಳ್ತೀನಿ ಅಂದ್ರು."

ಆಮೇಲೆ ಅಂದರು,

"ಐದೂ ಬೆರಳಿಗೆ ಚುಚ್ಚಿದೆ. ರಕ್ತ ಬಂತಮ್ಮ. ಅವರು ಕಣ್ಣು ಮುಚ್ಕೊಂಡು ಕಾಯ್ತಾನೇ ಇದ್ರು. ಶುರು ಮಾಡಿದ್ರಾ ಅಂತ ಕೇಳಿದ್ರು."

ಇಲ್ಲಿಯವರೆಗೆ ಒಂದು ಹನಿ ಅತ್ತಿರಲಿಲ್ಲ ನಾನು.


ಮೇ 2, ಶನಿವಾರ

ಗಿಳಿ ಲಾರಿಯ ಮೇಲೆ ಬಂತು. ಡಾಕ್ಟ್ರು ಲಾರಿಯ ಡ್ರೈವರ್ ಪಕ್ಕ ಕೂತು ಬಂದರು. ಬಿಸ್ಕತ್ತಿನ ಡಬ್ಬಿ ಇರಲಿಲ್ಲ. ಯಜಮಾನರು ಗೇಟಿನಲ್ಲೇ ನಿಂತು, "ತಪ್ಪು ನಂದು. ನೋಡದೆ ಗೆರೆ ಎಳೆದೆ" ಅಂದರು. ಅಷ್ಟು ಹೇಳುವುದಕ್ಕೆ ನಾಲ್ಕು ದಿನ ಬೇಕಾಯಿತು, ಆದರೂ ಹೇಳಿದರು. ನನಗೆ ಎಂಟು ತಿಂಗಳು ಬೇಕಾಗಿತ್ತು.

ಸಂಜೆ ಆರಕ್ಕೆ ಇಂಜಿನ್ ಇಳಿಯಿತು. ನಾಳೆ ಬಿಚ್ಚುವುದು. ಅಣ್ಣ ಬರುತ್ತಾನಂತೆ. ನನ್ನ ಜೊತೆ ಮಾತಾಡಿಲ್ಲ.


ಮೇ 3, ಭಾನುವಾರ, ಸಂಜೆ

ಅಣ್ಣ ಒಂಬತ್ತಕ್ಕೆ ಬಂದ. ಬೆರಳಿಗೆ ಐದು ಪಟ್ಟಿ. ಸ್ಟೂಲ್ ಎಳೆದುಕೊಂಡು ಇಂಜಿನ್ನಿನ ಪಕ್ಕ ಕೂತ. ಡಾಕ್ಟ್ರು, ಯಜಮಾನರು ಗೋಡೆಯ ಕಡೆ. ಅದೇ ನಿಯಮದ ಕೆಳಗೆ.

ಆಯಿಲ್ ಪ್ಯಾನ್ ಬಿಚ್ಚಿದೆ. ಹನ್ನೆರಡು ಬೋಲ್ಟು. ಹನ್ನೆರಡಕ್ಕೂ ಹಳದಿ, ಹನ್ನೆರಡಕ್ಕೂ ಬಿಳಿ. ನೋಡಲು ಅಷ್ಟು ಚೆಂದ. ಯಾರೇ ಆದರೂ ಮೋಸಹೋಗುತ್ತಾರೆ.

"ಜೋರಾಗಿ ಎಣಿಸು," ಅಂದ. ಆರು ದಿನದ ಮೇಲೆ ಮೊದಲ ಮಾತು.

ಒಂದು — ಟಕ್. ಎರಡು — ಟಕ್. ಮೂರು ತಿರುಗಿತು. ನಾಲ್ಕು ಟಕ್. ಐದು ತಿರುಗಿತು. ಆರು ತಿರುಗಿತು. ಪ್ರತಿ ಸಲ ತಿರುಗಿದಾಗ ಡಾಕ್ಟ್ರ ಉಸಿರು ನನಗೆ ಕೇಳಿಸುತ್ತಿತ್ತು. ಒಂಬತ್ತಕ್ಕೆ ವ್ರೆಂಚೇ ಬೇಕಾಗಲಿಲ್ಲ. ಬೆರಳಿನಲ್ಲೇ ಬಂತು. ಬಿಚ್ಚಿ ಅಣ್ಣನ ಅಂಗೈಯಲ್ಲಿಟ್ಟೆ. ಅವನು ಅದನ್ನೇ ನೋಡುತ್ತಾ ಕೂತ. ಹಿಡಿದಿದ್ದೀನೋ ಇಲ್ಲವೋ ಅಂತ ನೋಡಿಯೇ ತಿಳಿಯಬೇಕಲ್ಲ ಅವನಿಗೆ.

ಹನ್ನೆರಡರಲ್ಲಿ ಆರು.

ಡಾಕ್ಟ್ರು ಹೊರಗೆ ಹೋದರು. ಗಡಿಯಾರ ನೋಡಿದೆ, ಹತ್ತೂ ಹತ್ತು. ಹತ್ತು ಗಂಟೆಗೆ ಟ್ರ್ಯಾಕಿನಲ್ಲಿ ಅವರ ಸರದಿ ಇತ್ತು. ಹೊರಗಿನಿಂದ ಫೋನಿನಲ್ಲಿ ಮಗಳ ಜೊತೆ ಮಾತಾಡುವುದು ಕೇಳಿಸಿತು. ತಿಂಡಿ ಆಯ್ತಾ, ಹಲ್ಲು ಉಜ್ಜಿದ್ಯಾ, ಅಂಥದ್ದೇ ಏನೋ. ದನಿ ಸರಿಯಿರಲಿಲ್ಲ.

ಯಜಮಾನರು ಅಣ್ಣನ ಹೆಸರಿನ ತಗಡಿನ ಕಡೆ ನೋಡಿದರು. ಅವರು ಬಾಯಿ ಬಿಡುವ ಮೊದಲೇ ಅಣ್ಣ ಅಂದ: "ತೆಗೆಸಿ. ಇದರದ್ದು ಮಾತ್ರ ಅಲ್ಲ, ಏಳರಿಂದ ಎಲ್ಲದರದ್ದೂ." ಸ್ಕ್ರೂ ಸಣ್ಣದು, ಅವನ ಬೆರಳಿಗೆ ಸಿಗಲಿಲ್ಲ. ನನ್ನ ಕಡೆ ತಿರುಗಿದ. ತೆಗೆದೆ. ಕಣ್ಣು ಮಂಜಾಗಿ ಎರಡು ಸಲ ಸ್ಕ್ರೂಡ್ರೈವರ್ ಜಾರಿತು.

ಹಳೇ ಬೋಲ್ಟ್ ಮತ್ತೆ ಹಾಕುವಂತಿಲ್ಲ. ಹೊಸ ಹನ್ನೆರಡು ತಂದೆ. ನಾನು ಬಿಗಿ ಮಾಡಿದೆ, ವ್ರೆಂಚಿನಲ್ಲೇ, ಒಂದೊಂದೂ ಟಕ್ ಅನ್ನುವವರೆಗೆ. ಹಳದಿ ಗೆರೆ ಎಳೆದೆ. ಜೀವನದಲ್ಲಿ ಮೊದಲ ಸಲ ಈ ಇಂಜಿನ್ನುಗಳ ಮೇಲೆ ನನ್ನ ಹಳದಿ. ಹನ್ನೆರಡೂ ಮುಗಿದು ನೆಟ್ಟಗೆ ನಿಂತೆ. ಬಿಳಿ ಯಾರು ಎಳೆಯಬೇಕು? ಯಜಮಾನರು ಒಂದು ಹೆಜ್ಜೆ ಹಿಂದೆ ಹೋದರು.

ಅಣ್ಣ ಬಿಳಿ ಬಣ್ಣದ ಡಬ್ಬಿ ಕೇಳಿದ. ಬ್ರಷ್ಷನ್ನು ಎರಡೂ ಕೈಯಲ್ಲಿ ಸೇರಿಸಿ ಹಿಡಿದ, ಸಣ್ಣ ಮಕ್ಕಳು ಬಳಪ ಹಿಡಿಯುವ ಹಾಗೆ.

ಕೆಲಸ ಆಯಿತು ಅನಿಸಿ ನಾನು ವ್ರೆಂಚ್ ಒರೆಸಿ ಪೆಟ್ಟಿಗೆಯಲ್ಲಿಡಲು ಹೋದೆ.

"ಎಲ್ಲಿಗೆ?" ಅಂದ.

"ಟಕ್ ಅಂದಿದೆ ಅಣ್ಣ, ಹನ್ನೆರಡೂ. ನಾನೇ ನೋಡಿದೆ."

"ನೀನು ನೋಡಿದೆ. ನಾನು ನೋಡಿದ್ನಾ?"

ವ್ರೆಂಚ್ ಹಿಡಿದು ವಾಪಸ್ ಬಂದೆ.

"ಕೈ ಹೋಗಿದೆ, ಕಿವಿ ಇದೆ. ಒಂದನೇದಕ್ಕೆ ಇಡು."

ಇಟ್ಟೆ. ಅವನು ಸ್ಟೂಲಿನಿಂದ ಎದ್ದು ಬಗ್ಗಿ, ಪಟ್ಟಿ ಸುತ್ತಿದ ಕೈಯನ್ನು ವ್ರೆಂಚ್ ಹಿಡಿದ ನನ್ನ ಕೈ ಮೇಲೆ ಇಟ್ಟ. ಕಿವಿ ಬೋಲ್ಟಿನ ಹತ್ತಿರ ತಂದ. ಅವನ ಕೈಗೆ ನನ್ನ ಕೈ ಗೊತ್ತಾಗುತ್ತಿರಲಿಲ್ಲ, ಆದರೂ ತೆಗೆಯಲಿಲ್ಲ. ನಿಧಾನ ಎಳೆದೆ. ಟಕ್ ಅಂತು, ಅವನು ಬಿಳಿ ಗೆರೆ ಎಳೆದ.